ಅಯಾನೀಕರಣ ಶಕ್ತಿ ಬಲಕ್ಕೆ ಹೋದಂತೆ ಏರುತ್ತದೆ ಅಂದರು, ಬೋರಾನ್ ಮತ್ತು ಆಮ್ಲಜನಕದಲ್ಲಿ ಇಳಿದದ್ದು ಯಾಕೆ?

ಮೊದಲ_ಹೆಜ್ಜೆ
ನಾನು ರಸಾಯನಶಾಸ್ತ್ರಕ್ಕೆ ಹೊಸಬಳು. ಆವರ್ತ ಕೋಷ್ಟಕದ ಪಾಠ ನಡೀತಿದೆ. ಒಂದೇ ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದರೆ ಅಯಾನೀಕರಣ ಶಕ್ತಿ ಏರುತ್ತದೆ, ಗುಂಪಿನಲ್ಲಿ ಕೆಳಗೆ ಇಳಿದರೆ ಕಡಿಮೆಯಾಗುತ್ತದೆ ಅಂತ ಬರೆದುಕೊಂಡೆ. ಸರಿ ಅಂತ ಎರಡನೇ ಆವರ್ತದ ಅಂಕಿಗಳನ್ನು ಪುಸ್ತಕದ ಹಿಂದಿನ ಪಟ್ಟಿಯಿಂದ ಇಳಿಸಿಕೊಂಡೆ. ಎಲ್ಲವೂ ಪ್ರತಿ ಮೋಲ್‌ಗೆ ಕಿಲೋಜೌಲ್‌ನಲ್ಲಿ:

ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಇಂಗಾಲ 1086, ಸಾರಜನಕ 1402, ಆಮ್ಲಜನಕ 1314, ಫ್ಲೋರಿನ್ 1681, ನಿಯಾನ್ 2081.

ಎರಡು ಕಡೆ ಇಳಿದಿದೆ ನೋಡಿ. ತರಗತಿಯಲ್ಲಿ ಕೇಳಿದರೆ "ಅವು ಅಪವಾದ, ಬಾಯಿಪಾಠ ಮಾಡಿಕೋ" ಅಂದರು. ಎಂಟರಲ್ಲಿ ಎರಡು ಅಪವಾದ ಅಂದರೆ ಅದು ನಿಯಮ ಹೇಗಾಗುತ್ತದೆ? ಯಾರಾದರೂ ಬಿಡಿಸಿ ಹೇಳುತ್ತೀರಾ?

ನೇರ_ಮಾತು
ಬಲಕ್ಕೆ ಒಂದು ಬಾಣ, ಮೇಲಕ್ಕೆ ಒಂದು ಬಾಣ ಹಾಕಿಕೊಳ್ಳಿ. ಬೋರಾನ್, ಆಮ್ಲಜನಕ ಎರಡನ್ನು ನೆನಪಿಟ್ಟುಕೊಳ್ಳಿ. ಪರೀಕ್ಷೆಗೆ ಅಷ್ಟು ಸಾಕು.

ಯಾಕೆ_ಯಾಕೆ
ಅವರು ಪರೀಕ್ಷೆಗೆ ಎಷ್ಟು ಸಾಕು ಅಂತ ಕೇಳಿಲ್ಲ, ಯಾಕೆ ಅಂತ ಕೇಳಿದ್ದಾರೆ.

ಪಾಠದ_ಮೇಷ್ಟ್ರು
ಮೊದಲು ಅಳತೆ ಯಾವುದರದು ಅನ್ನೋದು ಸ್ಪಷ್ಟ ಇರಲಿ. ಅನಿಲ ರೂಪದಲ್ಲಿ ಒಂಟಿಯಾಗಿರುವ ಪರಮಾಣು. ಅದರಿಂದ ಅತಿ ಸಡಿಲವಾದ ಒಂದು ಎಲೆಕ್ಟ್ರಾನನ್ನು ಪೂರ್ತಿ ಹೊರಗೆ ಕಳಿಸಲು ಬೇಕಾದ ಶಕ್ತಿ. ದ್ರಾವಣ ಇಲ್ಲ, ಲೋಹದ ತುಂಡು ಇಲ್ಲ, ಪಕ್ಕದಲ್ಲಿ ಬೇರೆ ಪರಮಾಣುವೂ ಇಲ್ಲ. ಇದನ್ನು ಮರೆತರೆ ಮುಂದೆ ಬಹಳ ಗೊಂದಲ ಆಗುತ್ತದೆ.

ಇನ್ನು ಆ ಎಲೆಕ್ಟ್ರಾನ್ ಎಷ್ಟು ಬಿಗಿಯಾಗಿದೆ ಅನ್ನೋದು ಮೂರು ವಿಷಯಗಳ ಮೇಲೆ ನಿಂತಿದೆ. ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್ ಇವೆ, ಎಲೆಕ್ಟ್ರಾನ್ ಅದರಿಂದ ಎಷ್ಟು ದೂರ ಇದೆ, ನಡುವೆ ಇರುವ ಉಳಿದ ಎಲೆಕ್ಟ್ರಾನ್‌ಗಳು ಎಷ್ಟು ಮರೆ ಮಾಡುತ್ತವೆ. ನಿಮ್ಮ ಬಾಣಗಳು ಈ ಮೂರರ ಒಟ್ಟು ಫಲ ಅಷ್ಟೆ. ಬಾಣವೇ ಕಾರಣ ಅಲ್ಲ.

ಗುಂಪಿನಲ್ಲಿ ಇಳಿಯುವುದು ಸುಲಭ. ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419, ರುಬಿಡಿಯಂ 403, ಸೀಸಿಯಂ 376. ಪ್ರತಿ ಹೆಜ್ಜೆಗೂ ಒಂದು ಹೊಸ ಕವಚ (ಎಲೆಕ್ಟ್ರಾನ್‌ಗಳ ಪದರ), ಹೊರಗಿನ ಎಲೆಕ್ಟ್ರಾನ್ ಇನ್ನಷ್ಟು ದೂರ, ಹಿಡಿತ ಸಡಿಲ. ಅಡ್ಡ ಸಾಲಿನಲ್ಲಿ ಕವಚ ಬದಲಾಗುವುದಿಲ್ಲ, ಪ್ರೋಟಾನ್ ಮಾತ್ರ ಒಂದೊಂದಾಗಿ ಹೆಚ್ಚುತ್ತದೆ. ಹಾಗಾಗಿ ಏರಿಕೆ.

ಮೊದಲ_ಹೆಜ್ಜೆ
ಧನ್ಯವಾದ ಮೇಷ್ಟ್ರೇ. ಆದರೆ ಒಂದು ಅನುಮಾನ. ಬಲಕ್ಕೆ ಹೋದಾಗ ಒಂದು ಪ್ರೋಟಾನ್ ಜಾಸ್ತಿ ಆದರೆ ಒಂದು ಎಲೆಕ್ಟ್ರಾನ್ ಕೂಡ ಜಾಸ್ತಿ ಆಗುತ್ತಲ್ವಾ? ಎರಡೂ ಒಂದನ್ನೊಂದು ಸರಿದೂಗಿಸಬೇಕಲ್ವಾ?

ಗ್ರಾಫ್_ಪ್ರಿಯೆ
ಒಳ್ಳೇ ಪ್ರಶ್ನೆ! ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ.

ಪಾಠದ_ಮೇಷ್ಟ್ರು
ಸರಿದೂಗುವುದಿಲ್ಲ. ಒಂದೇ ಕವಚದಲ್ಲಿರುವ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಸರಿಯಾಗಿ ಮರೆ ಮಾಡಲಾರವು. ಅವೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಓಡಾಡುತ್ತವೆ. ನಡುವೆ ನಿಂತರೆ ತಾನೇ ಮರೆ? ಒಳ ಕವಚದವು ಮಾತ್ರ ಚೆನ್ನಾಗಿ ಮರೆ ಮಾಡುತ್ತವೆ.

ಇದಕ್ಕೆ 1930ರಲ್ಲಿ ಸ್ಲೇಟರ್ ಒಂದು ಸರಳ ಲೆಕ್ಕ ಕೊಟ್ಟರು. ಅದೇ ಕವಚದ ಪ್ರತಿ ಎಲೆಕ್ಟ್ರಾನ್ 0.35ರಷ್ಟು ಮರೆ ಮಾಡುತ್ತದೆ. ಒಂದು ಕವಚ ಒಳಗಿರುವುದು 0.85ರಷ್ಟು. ಅಂದರೆ ಬಲಕ್ಕೆ ಒಂದು ಹೆಜ್ಜೆ ಇಟ್ಟಾಗ ಪ್ರೋಟಾನ್‌ನಿಂದ 1 ಸಿಕ್ಕಿತು, ಹೊಸ ಎಲೆಕ್ಟ್ರಾನ್‌ನಿಂದ 0.35 ಹೋಯಿತು, ಉಳಿದದ್ದು 0.65. ಲಿಥಿಯಂನ ಹೊರ ಎಲೆಕ್ಟ್ರಾನ್‌ಗೆ ತಟ್ಟುವ ನಿವ್ವಳ ಆವೇಶ 1.30, ಬೆರಿಲಿಯಂ 1.95, ಬೋರಾನ್ 2.60, ಹೀಗೇ ಏರುತ್ತಾ ನಿಯಾನ್‌ಗೆ 5.85. ಮುಂದಿನ ಸೋಡಿಯಂನಲ್ಲಿ ಹೊಸ ಕವಚ, ಅಲ್ಲಿ ಇದ್ದಕ್ಕಿದ್ದಂತೆ 2.20ಕ್ಕೆ ಬೀಳುತ್ತದೆ. ಅಯಾನೀಕರಣ ಶಕ್ತಿಯೂ 2081ರಿಂದ 496ಕ್ಕೆ ಬೀಳುತ್ತದೆ.

ಯಾಕೆ_ಯಾಕೆ
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಇದರಿಂದ ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸ್ಲೇಟರ್ ಲೆಕ್ಕದಲ್ಲಿ ಬೆರಿಲಿಯಂನಿಂದ ಬೋರಾನ್‌ಗೆ 1.95ರಿಂದ 2.60ಕ್ಕೆ ಏರುತ್ತದೆ. ಹಾಗಾದರೆ ಅಯಾನೀಕರಣ ಶಕ್ತಿಯೂ ಏರಬೇಕು. ಇಳಿದಿದೆ.

ಪಾಠದ_ಮೇಷ್ಟ್ರು
ನಿಜ, ಒಪ್ಪಿದೆ. ಎರಡನೇ ಕವಚದೊಳಗೆ 2ಎಸ್, 2ಪಿ ಅಂತ ಎರಡು ಉಪಕವಚಗಳಿವೆ, ಸ್ಲೇಟರ್ ನಿಯಮ ಎರಡನ್ನೂ ಒಂದೇ ಗುಂಪಿಗೆ ಹಾಕುತ್ತದೆ. ಹಾಗಾಗಿ ಬೋರಾನ್ ಇಳಿತ ಅದಕ್ಕೆ ಕಾಣುವುದೇ ಇಲ್ಲ. ಒಟ್ಟು ಏರಿಕೆ ಅರ್ಥ ಮಾಡಿಕೊಳ್ಳಲು ಅದು ಒಳ್ಳೆಯದು, ಇಳಿತಗಳಿಗೆ ಉಪಕವಚದ ಒಳಗೆ ಇಳಿಯಬೇಕು.

ನೇರ_ಮಾತು
ಬೆರಿಲಿಯಂನಲ್ಲಿ 2ಎಸ್ ಪೂರ್ತಿ ತುಂಬಿದೆ, ಆದ್ದರಿಂದ ಸ್ಥಿರ. ಸಾರಜನಕದಲ್ಲಿ 2ಪಿ ಅರ್ಧ ತುಂಬಿದೆ, ಆದ್ದರಿಂದ ಸ್ಥಿರ. ಸ್ಥಿರವಾದದ್ದರಿಂದ ಎಲೆಕ್ಟ್ರಾನ್ ಕೀಳುವುದು ಕಷ್ಟ. ಎರಡು ಸಾಲಿನ ಉತ್ತರ ಇದು. ಇಷ್ಟಕ್ಕೆ ಇಷ್ಟೆಲ್ಲಾ ಯಾಕೆ?

ಕ್ವಾಂಟಂ_ಕಿಟಕಿ
ಇದನ್ನು ನಾನು ಒಪ್ಪಲ್ಲ. "ಕೀಳಲು ಕಷ್ಟ, ಯಾಕೆಂದರೆ ಸ್ಥಿರ." ಸ್ಥಿರ ಅಂತ ಹೇಗೆ ಗೊತ್ತಾಯಿತು? "ಕೀಳಲು ಕಷ್ಟ, ಅದರಿಂದ." ಸುತ್ತು ಹೊಡೆದು ಅಲ್ಲಿಗೇ ಬಂದೆವು. ಸ್ಥಿರ ಅನ್ನುವ ಪದ ಉತ್ತರದ ಹಾಗೆ ಕೇಳಿಸುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದರಿಂದ ನಿಜಕ್ಕೂ ತೊಂದರೆ ಆಗುತ್ತದೆ.

ಬೋರಾನ್ ವಿಷಯ ಹೀಗೆ ನೋಡಿ. ಬೆರಿಲಿಯಂನಲ್ಲಿ ಹೊರಗೆ ಹೋಗುವುದು 2ಎಸ್ ಎಲೆಕ್ಟ್ರಾನ್. ಬೋರಾನ್‌ನಲ್ಲಿ ಹೊರಗೆ ಹೋಗುವುದು 2ಪಿ ಎಲೆಕ್ಟ್ರಾನ್. ಎರಡೂ ಒಂದೇ ಕವಚದವು, ಆದರೆ ಆಕಾರ ಬೇರೆ. 2ಎಸ್ ಎಲೆಕ್ಟ್ರಾನ್ ಸ್ವಲ್ಪ ಹೊತ್ತು ನ್ಯೂಕ್ಲಿಯಸ್‌ನ ಹತ್ತಿರಕ್ಕೇ ನುಗ್ಗುತ್ತದೆ, ಒಳಗಿನ 1ಎಸ್ ಮರೆಯನ್ನು ದಾಟಿ. 2ಪಿ ಅಷ್ಟು ಒಳಗೆ ನುಗ್ಗಲಾರದು, ಜೊತೆಗೆ 2ಎಸ್ ಕೂಡ ಅದಕ್ಕೆ ಒಂದಿಷ್ಟು ಮರೆ ಮಾಡುತ್ತದೆ. ಹಾಗಾಗಿ 2ಪಿ ಮೇಲಿನ ಶಕ್ತಿ ಮಟ್ಟದಲ್ಲಿ ಕೂತಿರುತ್ತದೆ, ಕೀಳಲು ಸುಲಭ. ಒಂದು ಪ್ರೋಟಾನ್ ಹೆಚ್ಚಾದ ಲಾಭವನ್ನು ಈ ನಷ್ಟ ಮೀರಿತು. ಫಲ: 899ರಿಂದ 801.

ಇದು ಬೋರಾನ್‌ನ ಒಬ್ಬಂಟಿ ಹಟ ಅಲ್ಲ. ಮೂರನೇ ಆವರ್ತದಲ್ಲಿ ಅದೇ ಜಾಗ ನೋಡಿ. ಮೆಗ್ನೀಷಿಯಂ 738, ಅಲ್ಯೂಮಿನಿಯಂ 578. ಕಾರಣ ಒಂದೇ ಆದ್ದರಿಂದ ಇಳಿತವೂ ಅದೇ ಜಾಗದಲ್ಲಿ ಮರಳಿ ಬಂತು.

ಮೊದಲ_ಹೆಜ್ಜೆ
ಓಹ್! ಅಂದರೆ ಬೆರಿಲಿಯಂ ಏನೋ ವಿಶೇಷ ಅನ್ನೋದಕ್ಕಿಂತ ಬೋರಾನ್‌ನ ಹೊಸ ಎಲೆಕ್ಟ್ರಾನ್ ಬೇರೆ ಕಡೆ ಕೂತಿದೆ ಅನ್ನೋದು ಮುಖ್ಯ. ಇದು ನನಗೆ ಹೊಳೆದಿರಲಿಲ್ಲ. ಆಮ್ಲಜನಕಕ್ಕೂ ಹೀಗೇನಾ? ಆದರೆ ಅಲ್ಲಿ ಸಾರಜನಕ, ಆಮ್ಲಜನಕ ಎರಡೂ 2ಪಿಯಿಂದಲೇ ಕಳೆದುಕೊಳ್ಳುತ್ತವೆ.

ಗ್ರಾಫ್_ಪ್ರಿಯೆ
ಅಲ್ಲಿ ಜೋಡಿ ಕೂರುವ ಕಥೆ. ಮೂರು 2ಪಿ ಆರ್ಬಿಟಲ್‌ಗಳಿವೆ, ಎಲೆಕ್ಟ್ರಾನ್‌ಗಳು ಕೂರುವ ಮೂರು ಜಾಗ ಅನ್ನಿ. ಸಾರಜನಕದಲ್ಲಿ ಮೂರು ಎಲೆಕ್ಟ್ರಾನ್, ಒಂದೊಂದು ಕಡೆ ಒಂದೊಂದು. ಆಮ್ಲಜನಕದಲ್ಲಿ ನಾಲ್ಕನೆಯದು ಬಂದು ಈಗಾಗಲೇ ಒಬ್ಬರು ಇರುವ ಕಡೆಯೇ ಕೂರಬೇಕು. ಎರಡೂ ಋಣ ಆವೇಶ, ಒಂದನ್ನೊಂದು ತಳ್ಳುತ್ತವೆ. ಹಾಗಾಗಿ ಅದರಲ್ಲೊಂದನ್ನು ಹೊರಗೆ ಹಾಕುವುದು ಸುಲಭ.

ಕ್ವಾಂಟಂ_ಕಿಟಕಿ
ಸರಿಯಾಗಿದೆ, ಒಂದು ಮಾತು ಸೇರಿಸುತ್ತೇನೆ. ತಳ್ಳಾಟ ಬರೀ ಒಂದೇ ಆರ್ಬಿಟಲ್‌ನಲ್ಲಿ ಇರುವುದರಿಂದ ಅಲ್ಲ. ಎಲೆಕ್ಟ್ರಾನ್‌ಗೆ ಸ್ಪಿನ್ ಅನ್ನುವ ಗುಣ ಇದೆ, ಅದಕ್ಕೆ ಎರಡೇ ದಿಕ್ಕು. ಒಂದೇ ದಿಕ್ಕಿನ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಸಹಜವಾಗಿಯೇ ಒಂದರಿಂದ ಒಂದು ದೂರ ಉಳಿಯುತ್ತವೆ. ಸಾರಜನಕದ ಮೂರೂ ಒಂದೇ ದಿಕ್ಕಿನ ಸ್ಪಿನ್‌ನವು. ಆಮ್ಲಜನಕದ ನಾಲ್ಕನೆಯದು ಉಲ್ಟಾ ಸ್ಪಿನ್. ಅದಕ್ಕೆ ಈ ದೂರ ಉಳಿಯುವ ಅನುಕೂಲ ಸಿಗುವುದಿಲ್ಲ. ಇದನ್ನು ವಿನಿಮಯ ಶಕ್ತಿ ಅಂತಾರೆ.

ನೇರ_ಮಾತು
ಅದನ್ನೇ ಅಲ್ವಾ ನಾನು "ಅರ್ಧ ತುಂಬಿದ್ದು ಸ್ಥಿರ" ಅಂದದ್ದು?

ಕ್ವಾಂಟಂ_ಕಿಟಕಿ
ಪದ ಹತ್ತಿರ ಇದೆ, ಆದರೆ ನಿಮ್ಮ ಮಾತಿನಿಂದ ಮುಂದಿನದನ್ನು ಊಹಿಸಲು ಆಗುವುದಿಲ್ಲ. ತಳ್ಳಾಟದ ಕಾರಣ ಗೊತ್ತಿದ್ದರೆ ಆಗುತ್ತದೆ. ಪರಮಾಣು ದೊಡ್ಡದಾದಂತೆ ಎಲೆಕ್ಟ್ರಾನ್‌ಗಳಿಗೆ ಜಾಗ ಜಾಸ್ತಿ, ತಳ್ಳಾಟ ಕಡಿಮೆ. ಹಾಗಾದರೆ ಕೆಳಗೆ ಹೋದಂತೆ ಈ ಇಳಿತ ಸಣ್ಣದಾಗಬೇಕು. ಸಾರಜನಕದಿಂದ ಆಮ್ಲಜನಕಕ್ಕೆ 88 ಇಳಿಯಿತು. ರಂಜಕ 1012, ಗಂಧಕ 1000, ಇಳಿದದ್ದು ಬರೀ 12. ಊಹೆ ಸರಿ ಬಂತು ನೋಡಿ. "ಸ್ಥಿರ" ಅನ್ನೋ ಒಂದೇ ಪದ ಇದನ್ನು ಹೇಳುತ್ತಿತ್ತಾ?

ನೇರ_ಮಾತು
ಇಲ್ಲ. ಈ 88 ಮತ್ತು 12ರ ಹೋಲಿಕೆ ನಾನು ಎಂದೂ ಮಾಡಿರಲಿಲ್ಲ. ಒಪ್ಪಿದೆ.

ಪ್ರಯೋಗ_ಪಕ್ಕದವ
ಮಧ್ಯೆ ಒಂದು ಮಾತು. ಪಟ್ಟಿ ನೋಡುವಾಗ ಏಕಮಾನ ನೋಡಿಕೊಳ್ಳಿ. ಕೆಲವು ಕಡೆ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಕೊಟ್ಟಿರುತ್ತಾರೆ. ಜಲಜನಕಕ್ಕೆ 13.6 ಎಲೆಕ್ಟ್ರಾನ್‌ವೋಲ್ಟ್. ಅದನ್ನು 96.5ರಿಂದ ಗುಣಿಸಿದರೆ ಪ್ರತಿ ಮೋಲ್‌ಗೆ 1312 ಕಿಲೋಜೌಲ್. ಒಂದು ಪಟ್ಟಿಯಿಂದ ಅರ್ಧ, ಇನ್ನೊಂದರಿಂದ ಅರ್ಧ ತೆಗೆದುಕೊಂಡು ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಹಳೇ_ಪುಸ್ತಕ
ನಮ್ಮ ಕಾಲದಲ್ಲಿ ಇದನ್ನು ಅಯಾನೀಕರಣ ವಿಭವ ಅಂತ ಕಲಿಸುತ್ತಿದ್ದರು. ಈಗ ಶಕ್ತಿ ಅಂತಾರೆ, ಕೆಲವರು ಎಂಥಾಲ್ಪಿ ಅಂತಾರೆ. ಮೂರೂ ಬೇರೆ ಬೇರೆ ಅಂದುಕೊಂಡು ಹೆದರಬೇಡಿ. ಈ ಹಂತದ ಕಲಿಕೆಗೆ ಮೂರೂ ಒಂದೇ ಸಂಗತಿಯನ್ನು ಹೇಳುತ್ತವೆ.

ಮೊದಲ_ಹೆಜ್ಜೆ
ಇನ್ನೊಂದು ಕೇಳಲಾ? ಸೋಡಿಯಂ ಎಲೆಕ್ಟ್ರಾನನ್ನು "ಖುಷಿಯಿಂದ ಕೊಟ್ಟುಬಿಡುತ್ತದೆ" ಅಂತ ಓದಿದ್ದೆ. ಆದರೆ ಇಲ್ಲಿ 496 ಕಿಲೋಜೌಲ್ ನಾವೇ ಕೊಡಬೇಕು ಅಂತಿದೆ. ಖುಷಿಯಿಂದ ಕೊಡೋದಾದರೆ ನಾವ್ಯಾಕೆ ಶಕ್ತಿ ಕೊಡಬೇಕು?

ಯಾಕೆ_ಯಾಕೆ
ಶಭಾಷ್. ಈ ಪ್ರಶ್ನೆ ಕೇಳದೆ ಎಷ್ಟೋ ವರ್ಷ ಕಳೆದವರು ಇದ್ದಾರೆ. ನಾನೂ ಒಬ್ಬ.

ಪಾಠದ_ಮೇಷ್ಟ್ರು
ಯಾವ ತಟಸ್ಥ ಪರಮಾಣುವೂ ಎಲೆಕ್ಟ್ರಾನನ್ನು ಸುಮ್ನೆ ಕೊಡುವುದಿಲ್ಲ. ಪಟ್ಟಿಯಲ್ಲಿರುವ ಮೊದಲ ಅಯಾನೀಕರಣ ಶಕ್ತಿಗಳೆಲ್ಲ ಧನಾತ್ಮಕ. ಒಂದೂ ಋಣ ಸಂಖ್ಯೆ ಇಲ್ಲ. ಎಂಟು ಎಲೆಕ್ಟ್ರಾನ್ ಸಿಗಲಿ ಅಂತ ಸೋಡಿಯಂ ಆಸೆಪಡುವುದೂ ಇಲ್ಲ.

ಅಡುಗೆ ಉಪ್ಪಿನ ಲೆಕ್ಕವನ್ನೇ ಹಾಕೋಣ. ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು 496 ಖರ್ಚು. ಅದನ್ನು ಕ್ಲೋರಿನ್ ಪರಮಾಣು ತೆಗೆದುಕೊಂಡಾಗ 349 ವಾಪಸ್ ಬರುತ್ತದೆ. ಇನ್ನೂ 147 ನಷ್ಟ! ಅಂದರೆ ದೂರದೂರ ನಿಂತ ಒಂದು ಸೋಡಿಯಂ, ಒಂದು ಕ್ಲೋರಿನ್ ನಡುವೆ ಈ ಕೊಡು-ಕೊಳ್ಳುವಿಕೆ ತಾನಾಗಿ ನಡೆಯುವುದೇ ಇಲ್ಲ. ಲಾಭ ಬರುವುದು ಎರಡು ಅಯಾನುಗಳು ಹತ್ತಿರ ಬಂದು ಹರಳಾಗಿ ಕೂತಾಗ. ಆಗ ಸುಮಾರು 787 ಕಿಲೋಜೌಲ್ ಬಿಡುಗಡೆ. ನಷ್ಟವನ್ನೆಲ್ಲ ಅದೇ ತುಂಬುತ್ತದೆ.

ಕ್ವಾಂಟಂ_ಕಿಟಕಿ
ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಪಟ್ಟಿಯಲ್ಲಿ ಅತಿ ಸಡಿಲ ಸೀಸಿಯಂ, 376. ಎಲೆಕ್ಟ್ರಾನ್ ಪಡೆದಾಗ ಅತಿ ಹೆಚ್ಚು ಶಕ್ತಿ ಬಿಡುವುದು ಕ್ಲೋರಿನ್, 349. ಅತ್ಯುತ್ತಮ ಜೋಡಿಗೂ 27 ಕಡಿಮೆ ಬೀಳುತ್ತದೆ. ಹಾಗಾಗಿ ಬಹಳ ದೂರದಲ್ಲಿರುವ ಯಾವ ಎರಡು ತಟಸ್ಥ ಪರಮಾಣುಗಳ ನಡುವೆಯೂ ಎಲೆಕ್ಟ್ರಾನ್ ತಾನಾಗಿ ಜಿಗಿಯುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಗ್ರಾಫ್_ಪ್ರಿಯೆ
ಫ್ಲೋರಿನ್ ಅಲ್ವಾ ಅತಿ ಹೆಚ್ಚು?

ಕ್ವಾಂಟಂ_ಕಿಟಕಿ
ಅಲ್ಲ. ಫ್ಲೋರಿನ್ 328, ಕ್ಲೋರಿನ್ 349. ಫ್ಲೋರಿನ್ ಬಹಳ ಚಿಕ್ಕದು. ಹೊಸದಾಗಿ ಬರುವ ಎಲೆಕ್ಟ್ರಾನನ್ನು ಒಳಗಿರುವವು ಜೋರಾಗಿ ತಳ್ಳುತ್ತವೆ. ಆಮ್ಲಜನಕದಲ್ಲಿ ನೋಡಿದ ಅದೇ ತಳ್ಳಾಟ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಪ್ರಯೋಗ_ಪಕ್ಕದವ
ಹಾಗಾದರೆ ನನ್ನದೊಂದು. ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419. ಲಿಥಿಯಂ ಬಿಗಿ. ಆದರೆ ನೀರಿನ ದ್ರಾವಣದಲ್ಲಿ ಲಿಥಿಯಂ ವಿದ್ಯುದ್ವಾರ ವಿಭವ ಮೈನಸ್ 3.04 ವೋಲ್ಟ್, ಸೋಡಿಯಂನದ್ದು ಮೈನಸ್ 2.71. ಲಿಥಿಯಂ ಹೆಚ್ಚು ಸುಲಭವಾಗಿ ಎಲೆಕ್ಟ್ರಾನ್ ಕೊಡುತ್ತದೆ ಅಂತಾಯಿತು. ಪಟ್ಟಿ ತಪ್ಪಾ?

ಪಾಠದ_ಮೇಷ್ಟ್ರು
ಇದಕ್ಕೇ ಮೊದಲ ಉತ್ತರದಲ್ಲಿ ಅನಿಲ ರೂಪದ ಒಂಟಿ ಪರಮಾಣು ಅಂತ ಒತ್ತಿ ಹೇಳಿದ್ದು. ನೀರಿನಲ್ಲಿ ಕಥೆ ಬೇರೆ. ಲಿಥಿಯಂ ಅಯಾನು ಪುಟ್ಟದು, ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿಯುತ್ತವೆ. ಆಗ ಬಿಡುಗಡೆಯಾಗುವ ಶಕ್ತಿ ಲಿಥಿಯಂಗೆ ಸುಮಾರು 520, ಸೋಡಿಯಂಗೆ ಸುಮಾರು 405. ಕೀಳುವಾಗ ಆದ ಹೆಚ್ಚಿನ ಖರ್ಚನ್ನು ನೀರು ತೀರಿಸಿಬಿಡುತ್ತದೆ.

ಅಂಕಿ_ಬೇಟೆ
ಪರೀಕ್ಷೆಗೆ ಓದುವವರಿಗೆ ಒಂದು ಉಪಯೋಗದ ವಿಷಯ ಹೇಳುತ್ತೇನೆ. ಒಂದರ ನಂತರ ಒಂದು ಎಲೆಕ್ಟ್ರಾನ್ ಕೀಳುತ್ತಾ ಹೋದಾಗ ಶಕ್ತಿ ಏರುತ್ತಲೇ ಇರುತ್ತದೆ. ಆದರೆ ಒಂದು ಕಡೆ ದಿಢೀರ್ ಅಂತ ಹಾರುತ್ತದೆ. ಅಲ್ಲಿ ಒಳ ಕವಚ ಶುರು ಅಂತ ಅರ್ಥ.

ಸೋಡಿಯಂ: 496, ಆಮೇಲೆ 4562.
ಮೆಗ್ನೀಷಿಯಂ: 738, 1451, ಆಮೇಲೆ 7733.

ಈಗ ಇದು ಯಾವ ಗುಂಪಿನ ಧಾತು ಹೇಳಿ: 578, 1817, 2745, 11577.

ಮೊದಲ_ಹೆಜ್ಜೆ
ಮೂರು ಆದಮೇಲೆ ಹಾರಿದೆ. ಹೊರಗೆ ಮೂರು ಎಲೆಕ್ಟ್ರಾನ್. 578 ಮೇಲೆ ಬಂದಿತ್ತು, ಅಲ್ಯೂಮಿನಿಯಂ!

ಅಂಕಿ_ಬೇಟೆ
ಸರಿ. ನನ್ನ ಓದಿನ ದಿನಗಳಲ್ಲಿ ಇದನ್ನು ಯಾರೂ ಹೀಗೆ ತೋರಿಸಲಿಲ್ಲ. ಕವಚ ಅನ್ನೋದು ಪುಸ್ತಕದಲ್ಲಿ ಬರೆದ ವೃತ್ತ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಒಂದು ಸಂಜೆ ಮೆಗ್ನೀಷಿಯಂನ ಮೂರು ಅಂಕಿ ಒಟ್ಟಿಗೆ ನೋಡಿದೆ. 1451ರಿಂದ 7733. ಕವಚ ನಿಜ, ಅಳೆದು ತೋರಿಸಬಹುದು ಅಂತ ಅವತ್ತು ಗೊತ್ತಾಯಿತು. ಆ ಖುಷಿ ಈಗಲೂ ನೆನಪಿದೆ.

ಯಾಕೆ_ಯಾಕೆ
ಮೆಗ್ನೀಷಿಯಂ ಯಾಕೆ ಮೂರು ಧನ ಆವೇಶದ ಅಯಾನು ಮಾಡುವುದಿಲ್ಲ ಅನ್ನೋದಕ್ಕೂ ಆ 7733 ಸಾಕು. ಅಷ್ಟನ್ನು ಯಾವ ಹರಳೂ ತುಂಬಿಕೊಡಲಾರದು.

ಸಾಲು_ನಾಲ್ಕು
ಗುಂಪಿನಲ್ಲಿ ಕೆಳಗೆ ಹೋದಂತೆ ಯಾವಾಗಲೂ ಕಡಿಮೆಯಾಗುತ್ತದೆ ಅನ್ನೋದೂ ಪೂರ್ತಿ ನಿಜ ಅಲ್ಲ. ಅಲ್ಯೂಮಿನಿಯಂ 578, ಅದರ ಕೆಳಗಿನ ಗ್ಯಾಲಿಯಂ 579. ಒಂದು ಕವಚ ಹೆಚ್ಚಾದರೂ ಇಳಿಯಲಿಲ್ಲ. ನಡುವೆ ಹತ್ತು 3ಡಿ ಎಲೆಕ್ಟ್ರಾನ್‌ಗಳು ಬಂದವು, ಜೊತೆಗೆ ಹತ್ತು ಪ್ರೋಟಾನ್ ಕೂಡ. ಡಿ ಎಲೆಕ್ಟ್ರಾನ್‌ಗಳು ಮರೆ ಮಾಡುವುದರಲ್ಲಿ ಬಹಳ ದುರ್ಬಲ. ಹಾಗಾಗಿ ಹೆಚ್ಚಿನ ಪ್ರೋಟಾನ್‌ಗಳ ಸೆಳೆತ ಹೊರಗಿನವರೆಗೂ ತಟ್ಟುತ್ತದೆ.

ಚಿನ್ನ ಬೆಳ್ಳಿ ನೋಡಿ. ಬೆಳ್ಳಿ 731, ಕೆಳಗಿರುವ ಚಿನ್ನ 890. ಕೆಳಗೆ ಹೋಗಿ ಏರಿದೆ!

ಕ್ವಾಂಟಂ_ಕಿಟಕಿ
ಚಿನ್ನಕ್ಕೆ ಎರಡು ಕಾರಣ. ಒಂದು, ನಡುವೆ ಬಂದ 4ಎಫ್ ಎಲೆಕ್ಟ್ರಾನ್‌ಗಳು ಡಿಗಿಂತಲೂ ಕೆಟ್ಟದಾಗಿ ಮರೆ ಮಾಡುತ್ತವೆ. ಎರಡು, 79 ಪ್ರೋಟಾನ್‌ಗಳ ಹತ್ತಿರ ಹೋಗುವ ಎಲೆಕ್ಟ್ರಾನ್ ಎಷ್ಟು ವೇಗ ಪಡೆಯುತ್ತದೆ ಅಂದರೆ ಐನ್‌ಸ್ಟೈನ್‌ರ ಸಾಪೇಕ್ಷತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದರಿಂದ 6ಎಸ್ ಕುಗ್ಗಿ ಬಿಗಿಯಾಗುತ್ತದೆ. ಚಿನ್ನದ ಹಳದಿ ಬಣ್ಣಕ್ಕೂ ಇದೇ ಕಾರಣ.

ನೇರ_ಮಾತು
ಅತಿ ಕಡಿಮೆ ಫ್ರಾನ್ಸಿಯಂ ಅಂತ ನಾನು ಎಲ್ಲ ಕಡೆ ಹೇಳುತ್ತಿದ್ದೆ. ಸೀಸಿಯಂಗಿಂತ ಕೆಳಗಿದೆಯಲ್ಲಾ.

ಕ್ವಾಂಟಂ_ಕಿಟಕಿ
ಫ್ರಾನ್ಸಿಯಂ 393, ಸೀಸಿಯಂ 376. ಫ್ರಾನ್ಸಿಯಂನ 7ಎಸ್ ಕೂಡ ಚಿನ್ನದ ಹಾಗೆಯೇ ಕುಗ್ಗುತ್ತದೆ.

ಮೊದಲ_ಹೆಜ್ಜೆ
ಇದೆಲ್ಲ ನನ್ನ ಪಾಠಕ್ಕೆ ಬೇಕಾಗುತ್ತಾ? ಸ್ವಲ್ಪ ಭಯ ಆಗ್ತಿದೆ.

ಗ್ರಾಫ್_ಪ್ರಿಯೆ
ಬೇಡ, ಹೆದರಬೇಡಿ. ಮೊದಲ 20 ಧಾತುಗಳ ಗ್ರಾಫ್ ಕೈಯಲ್ಲಿ ಎಳೆಯಿರಿ. ಯಂತ್ರದಿಂದ ಅಲ್ಲ, ಪೆನ್ಸಿಲ್‌ನಿಂದ. ಹೀಲಿಯಂ, ನಿಯಾನ್, ಆರ್ಗಾನ್ ಮೂರು ಶಿಖರ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರು ತಳ. ಹೀಲಿಯಂ 2372, ಇಡೀ ಕೋಷ್ಟಕದಲ್ಲೇ ಅತಿ ಎತ್ತರ. ಏರುವ ದಾರಿಯಲ್ಲಿ ಎರಡೆರಡು ಸಣ್ಣ ತಗ್ಗು. ಎಳೆದ ಮೇಲೆ ಯಾವುದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ನಕ್ಷತ್ರ_ನೋಡುಗ
ಈ ಅಂಕಿಗಳು ಬರೀ ಪರೀಕ್ಷೆಗಲ್ಲ ಅಂತ ಹೇಳಲು ಬಂದೆ. 1920ರಲ್ಲಿ ಮೇಘನಾದ ಸಹಾ ಇದೇ ಅಯಾನೀಕರಣ ಶಕ್ತಿಯನ್ನು ಹಿಡಿದು ಒಂದು ಸಮೀಕರಣ ಬರೆದರು. ಎಷ್ಟು ಬಿಸಿಗೆ, ಎಷ್ಟು ಒತ್ತಡಕ್ಕೆ ಯಾವ ಧಾತು ಎಷ್ಟು ಪಾಲು ಅಯಾನಾಗಿರುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಅದರಿಂದ ನಕ್ಷತ್ರದ ಬೆಳಕನ್ನು ಓದಿ ಅದರ ಬಿಸಿ ತಿಳಿಯುವ ದಾರಿ ತೆರೆಯಿತು.

ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್. ಅಲ್ಲಿ ಕ್ಯಾಲ್ಸಿಯಂ ಹೆಚ್ಚಿನ ಪಾಲು ಒಂದು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ, ಜಲಜನಕ ಹೆಚ್ಚಿನ ಪಾಲು ತಟಸ್ಥವಾಗಿಯೇ ಇರುತ್ತದೆ. ಕ್ಯಾಲ್ಸಿಯಂ 590, ಜಲಜನಕ 1312. ಇದೇ ಪಟ್ಟಿಯ ಎರಡು ಅಂಕಿ.

ಹಳೇ_ಪುಸ್ತಕ
ಅದೇ ಧಾಟಿಯಲ್ಲಿ ಬಾರ್ಟ್ಲೆಟ್ ಕಥೆ. ನೋಬಲ್ ಅನಿಲಗಳು ಯಾವುದರ ಜೊತೆಗೂ ಸೇರುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೊತೆ ಕೆಲಸ ಮಾಡುತ್ತಿದ್ದರು. ಅದು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡಿತು. ಅವರು ಪಟ್ಟಿ ನೋಡಿದರು. ಆಮ್ಲಜನಕದ ಅಣು ಮತ್ತು ಕ್ಸೆನಾನ್ ಎರಡರ ಅಯಾನೀಕರಣ ಶಕ್ತಿ ಹೆಚ್ಚುಕಡಿಮೆ ಒಂದೇ, 1170ರ ಆಸುಪಾಸು. ಅದು ಬರುವುದಾದರೆ ಇದು ಯಾಕೆ ಬರಬಾರದು? 1962ರಲ್ಲಿ ಕ್ಸೆನಾನ್ ಮತ್ತು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎರಡನ್ನೂ ಸೇರಿಸಿದರು, ಬಣ್ಣದ ಘನವಸ್ತು ಬಂತು. ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಒಂದು ದೊಡ್ಡ ನಂಬಿಕೆ ಹೋಯಿತು.

ಮೊದಲ_ಹೆಜ್ಜೆ
ಇದು ತುಂಬಾ ಇಷ್ಟವಾಯಿತು. ಪಟ್ಟಿ ನೋಡಿದರೆ ಇನ್ನು ಬೇಜಾರಾಗಲ್ಲ.

ಗ್ರಾಫ್ ಎಳೆದೆ. ಆಮೇಲೆ ನನಗೇ ಒಂದು ಯೋಚನೆ ಬಂತು. ಎರಡನೇ ಅಯಾನೀಕರಣ ಶಕ್ತಿಗೂ ಗ್ರಾಫ್ ಎಳೆದರೆ ತಗ್ಗುಗಳು ಎಲ್ಲಿ ಬರಬೇಕು? ಒಂದು ಎಲೆಕ್ಟ್ರಾನ್ ಹೋದ ಇಂಗಾಲದಲ್ಲಿ ಎಲೆಕ್ಟ್ರಾನ್‌ಗಳ ಜೋಡಣೆ ಬೋರಾನ್‌ನ ಹಾಗೆ. ಹಾಗಾದರೆ ತಗ್ಗು ಇಂಗಾಲಕ್ಕೆ ಜರುಗಬೇಕು. ಇನ್ನೊಂದು ಆಮ್ಲಜನಕದಿಂದ ಫ್ಲೋರಿನ್‌ಗೆ. ಅಂಕಿ ನೋಡದೆ ಮೊದಲು ಬರೆದಿಟ್ಟೆ, ಆಮೇಲೆ ಪಟ್ಟಿ ತೆಗೆದೆ:

ಬೋರಾನ್ 2427, ಇಂಗಾಲ 2353, ಸಾರಜನಕ 2856, ಆಮ್ಲಜನಕ 3388, ಫ್ಲೋರಿನ್ 3374, ನಿಯಾನ್ 3952.

ಎರಡೂ ಸರಿ ಬಂತು!!

ಪಾಠದ_ಮೇಷ್ಟ್ರು
ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದನ್ನು ತಾನಾಗಿ ಊಹಿಸಿದ ವಿದ್ಯಾರ್ಥಿಗಳು ಬೆರಳೆಣಿಕೆ. ಬಹಳ ಸಂತೋಷ.

ಅಂಕಿ_ಬೇಟೆ
ಮೂರನೆಯದಕ್ಕೂ ನೋಡಿ ಹಾಗಾದರೆ.

ಮೊದಲ_ಹೆಜ್ಜೆ
ನೋಡಿದೆ. ಸಾರಜನಕ ಮತ್ತು ನಿಯಾನ್‌ನಲ್ಲಿ ತಗ್ಗು ಬರಬೇಕು ಅಂತ ಬರೆದಿಟ್ಟಿದ್ದೆ.

ಇಂಗಾಲ 4620, ಸಾರಜನಕ 4578, ಆಮ್ಲಜನಕ 5300, ಫ್ಲೋರಿನ್ 6050, ನಿಯಾನ್ 6122.

ಸಾರಜನಕ ಸರಿ. ನಿಯಾನ್ ಇಳಿಯಲಿಲ್ಲ, 72 ಏರಿದೆ. ನನ್ನ ತರ್ಕ ಎಲ್ಲಿ ತಪ್ಪಿತು?

ಕ್ವಾಂಟಂ_ಕಿಟಕಿ
ತಪ್ಪಿಲ್ಲ. ಏರಿಕೆ ಮತ್ತು ಇಳಿತವನ್ನು ಬೇರೆ ಬೇರೆಯಾಗಿ ನೋಡಿ. ಮೊದಲ ಸಲ ಇಂಗಾಲದಿಂದ ಸಾರಜನಕಕ್ಕೆ 316 ಏರಿತ್ತು, ಮುಂದಿನ ಹೆಜ್ಜೆಯಲ್ಲಿ 88 ಇಳಿಯಿತು. ಎರಡನೇ ಸಲ 532 ಏರಿ 14 ಇಳಿಯಿತು. ಮೂರನೇ ಸಲ 750 ಏರಿ, ಮುಂದಿನ ಹೆಜ್ಜೆಯಲ್ಲಿ 72 ಮಾತ್ರ ಏರಿತು. ಎಲೆಕ್ಟ್ರಾನ್ ಕಳೆದುಕೊಂಡಷ್ಟೂ ಅಯಾನು ಕುಗ್ಗುತ್ತದೆ. ಕುಗ್ಗಿದ ಜಾಗದಲ್ಲಿ ಜೋಡಿಯ ತಳ್ಳಾಟ ಹೆಚ್ಚುತ್ತದೆ, ನಿಜ. ಆದರೆ ಒಂದು ಹೆಚ್ಚಿನ ಪ್ರೋಟಾನ್‌ನಿಂದ ಸಿಗುವ ಬಿಗಿ ಅದಕ್ಕಿಂತ ಬೇಗ ಹೆಚ್ಚುತ್ತದೆ. 750 ಏರಬೇಕಾದ ಕಡೆ 72 ಮಾತ್ರ ಏರಿದೆ ಅಂದರೆ ನಿಮ್ಮ ತಗ್ಗು ಅಲ್ಲೇ ಇದೆ, ಏರಿಕೆಯ ಒಳಗೆ ಸೇರಿಹೋಗಿದೆ.

ಮೊದಲ_ಹೆಜ್ಜೆ
ಮೈನಸ್ 88, ಮೈನಸ್ 14, ಪ್ಲಸ್ 72. ಮೂರನ್ನೂ ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು ಎಳೆದಿದ್ದೇನೆ. ತಗ್ಗು ಬಲಕ್ಕೆ ಜರುಗುತ್ತಾ ಆಳ ಕಡಿಮೆಯಾಗುತ್ತಾ ಹೋಗುವುದು ಚೆನ್ನಾಗಿ ಕಾಣುತ್ತಿದೆ. ನಾಳೆ ತರಗತಿಗೆ ಈ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಮೂರನೇ ಆವರ್ತಕ್ಕೂ ಇಷ್ಟೇ ಎಳೆಯಬೇಕು, ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದೇನೆ.